ರೆಕಾರ್ಡಲ್ಲಿ ನೀಲಿ ಹೋಗಿತ್ತು, ಟ್ಯೂಬಲ್ಲಿ ಹೋಗಿರಲಿಲ್ಲ

1/10

ಫೋಟೋದಲ್ಲಿರೋದು ನನ್ನ ಹತ್ತನೇ ಕ್ಲಾಸಿನ ಸೈನ್ಸ್ ರೆಕಾರ್ಡ್. ಬಲಗಡೆ ಗೆರೆ ಪುಟ, ಎಡಗಡೆ ಬಿಳಿ ಪುಟ. ಬಿಳಿ ಪುಟದಲ್ಲಿ ಯೀಸ್ಟ್ ಮೊಗ್ಗುವಿಕೆಯ ಚಿತ್ರ ನೋಡಿ. ಎಷ್ಟು ನೀಟಾಗಿದೆ ಅಲ್ವಾ? ತಾಯಿ ಕೋಶ, ಪಕ್ಕದಲ್ಲಿ ಪುಟ್ಟ ಮೊಗ್ಗು, ಪೆನ್ಸಿಲ್‌ ಶೇಡಿಂಗ್ ಬೇರೆ. ಕೆಳಗೆ 'ವೀಕ್ಷಣೆ: ಸೂಕ್ಷ್ಮದರ್ಶಕದಲ್ಲಿ ಯೀಸ್ಟ್ ಕೋಶಗಳು ಮೊಗ್ಗುವಿಕೆ ತೋರಿಸುತ್ತಿರುವುದನ್ನು ಗಮನಿಸಲಾಯಿತು.' ಅದರ ಕೆಳಗೆ ಸಹಿ, ತಾರೀಖು, 'ಉತ್ತಮ'.

ನಾನು ಆ ವರ್ಷ ಯೀಸ್ಟ್ ನೋಡಿರಲಿಲ್ಲ. ಕೋಶ ಬಿಡಿ, ಅಂಗಡೀಲಿ ಸಿಗೋ ಯೀಸ್ಟ್ ಪುಡಿ ಯಾವ ಬಣ್ಣ ಅಂತಲೂ ಗೊತ್ತಿರಲಿಲ್ಲ. ಸೂಕ್ಷ್ಮದರ್ಶಕ ನಮ್ಮ ಶಾಲೇಲಿ ಇತ್ತು. ಬೀರುವಿನೊಳಗೆ, ಕವರ್ ಹೊದ್ಕೊಂಡು, ಮದುವೆ ಮನೇಲಿ ಒಳಗೆ ಕೂರಿಸಿದ ಹೆಣ್ಣಿನ ಥರ.

ನಾನು ಬರೆದದ್ದು ಸೀನಿಯರ್ ಅಕ್ಕನ ರೆಕಾರ್ಡ್ ನೋಡಿ. ಅವಳು ಬರೆದದ್ದು ಅವಳ ಸೀನಿಯರ್ ನೋಡಿ. ಹೇಗೆ ಗೊತ್ತು ಅಂದ್ರೆ, ಯಾರೋ ಪುಣ್ಯಾತ್ಮರು ಒಂದು ಕಾಲದಲ್ಲಿ 'ಕವರ್ ಸ್ಲಿಪ್' ಅನ್ನೋದನ್ನ 'ಕವರ್ ಸ್ಲೀಪ್' ಅಂತ ಬರೆದಿದ್ದಾರೆ. ನನ್ನ ರೆಕಾರ್ಡಲ್ಲೂ 'ಕವರ್ ಸ್ಲೀಪ್'. ನನ್ನ ಜೂನಿಯರ್ ತಮ್ಮನ ರೆಕಾರ್ಡಲ್ಲೂ 'ಕವರ್ ಸ್ಲೀಪ್'. ವಂಶವಾಹಿ ಅಂದ್ರೆ ಇದೇ ಇರ್ಬೇಕು.

ನಗು ಬಂದ್ರೆ ನಗಿ. ಆಮೇಲೆ ಸ್ವೈಪ್ ಮಾಡಿ, ಅಥವಾ ಮುಂದಿನ ಪೋಸ್ಟಿಗೆ ಹೋಗಿ. ಒಂದು ಕ್ಯಾಪ್ಶನ್ 2200 ಅಕ್ಷರಕ್ಕೆ ನಿಲ್ಲುತ್ತೆ, ನಂಗೆ ಹೇಳೋದು ಅದಕ್ಕಿಂತ ಜಾಸ್ತಿ ಇದೆ.

2/10

ಇದು ಅವಳ ರೆಕಾರ್ಡ್ ಪುಟ. ಅವಳನ್ನ ಕೇಳಿಯೇ ಹಾಕಿದ್ದೀನಿ, ಹೆಸರು ಬೇಡ ಅಂದಳು. ಮೂರು ವರ್ಷ ನನ್ನ ಬೆಂಚಲ್ಲಿ ಕೂತವಳು.

ಹತ್ತನೇ ಕ್ಲಾಸಲ್ಲಿ ಜೀವಕ್ರಿಯೆಗಳ ಪಾಠದಲ್ಲಿ ಒಂದು ಚಟುವಟಿಕೆ ಇದೆ, ಎಲ್ಲರಿಗೂ ಗೊತ್ತಿರತ್ತೆ. ಎರಡು ಪ್ರನಾಳದಲ್ಲಿ ಪಿಷ್ಟದ ದ್ರಾವಣ. ಒಂದಕ್ಕೆ ಎಂಜಲು ಹಾಕ್ಬೇಕು, ಇನ್ನೊಂದಕ್ಕೆ ಬೇಡ. 20–30 ನಿಮಿಷ ಬಿಟ್ಟು ಎರಡಕ್ಕೂ ಅಯೋಡಿನ್. ಎಂಜಲು ಹಾಕಿದ್ದರಲ್ಲಿ ನೀಲಿ ಬರಲ್ಲ, ಯಾಕಂದ್ರೆ ಅದರಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟವನ್ನ ಒಡೆದು ಸಕ್ಕರೆ ಮಾಡಿರತ್ತೆ. ಇದು ಪುಸ್ತಕದ ಮಾತು.

ಇಡೀ ವರ್ಷದಲ್ಲಿ ನಾವು ನಿಜವಾಗಿ ಮಾಡಿದ ಎರಡೋ ಮೂರೋ ಪ್ರಯೋಗದಲ್ಲಿ ಇದೊಂದು. ಯಾರೋ ಆಫೀಸರ್ ಬರ್ತಾರೆ ಅಂತ ಬೀಗ ತೆಗೆದಿದ್ದರು. ಪಿಷ್ಟವನ್ನ ಆಗಷ್ಟೇ ಕುದಿಸಿ, ಹೊಗೆಯಾಡ್ತಾ ಇದ್ದ ಹಾಗೇ ಟ್ಯೂಬಿಗೆ ಸುರಿದರು. ಮುಂದಿನ ಬೆಂಚಿನಿಂದ ಇಬ್ಬರನ್ನ ಕರೆದರು, ಅದರಲ್ಲಿ ಅವಳೂ ಒಬ್ಬಳು. ಎಂಜಲು ಅವಳದ್ದೇ. ಇಡೀ ಕ್ಲಾಸು ಕಿಸಿಕಿಸಿ.

ಅಯೋಡಿನ್ ಹಾಕಿದ್ರೆ ಎರಡು ಟ್ಯೂಬೂ ನೀಲಿ. ಕಡು ನೀಲಿ, ಒಂದಕ್ಕೊಂದು ವ್ಯತ್ಯಾಸವೇ ಇಲ್ಲ. ಬೆಲ್ ಹೊಡೀತು. 'ಟೈಮಿಲ್ಲ, ಪುಸ್ತಕದಲ್ಲಿರೋ ಹಾಗೆ ಬರ್ಕೊಳ್ಳಿ' ಅಂದರು.

ನಾವು ಬರ್ಕೊಂಡ್ವಿ. ಅವಳು ಒಬ್ಬಳೇ 'ಎರಡರಲ್ಲೂ ನೀಲಿ ಬಂತು' ಅಂತ ಬರೆದಳು. ಪುಟದ ಮೇಲೆ ಕೆಂಪು ಗೆರೆ ಕಾಣ್ತಿದೆಯಲ್ಲ, ಅದು ಅದಕ್ಕೇ. ಪಕ್ಕದಲ್ಲಿ 'ತಪ್ಪು. ಮತ್ತೆ ಬರೆ.' ಅವಳು ಮತ್ತೆ ಬರೆದಳು. ಈ ಸಲ ಸರಿಯಾಗಿ, ಅಂದ್ರೆ ಸುಳ್ಳಾಗಿ.

ಎಸ್‌ಎಸ್‌ಎಲ್‌ಸಿ ಆದ ಮೇಲೆ ಕಾಮರ್ಸ್ ತಗೊಂಡಳು. ಕಾಮರ್ಸ್ ತಗೊಂಡಿದ್ದು ತಪ್ಪಂತ ನಾನು ಹೇಳ್ತಿಲ್ಲ, ಅಕೌಂಟೆನ್ಸಿಲಿ ಈಗ ಅವಳೇ ಫಸ್ಟು. ಆದ್ರೆ ಯಾಕೆ ಅಂತ ಕೇಳಿದಾಗ ಏನಂದಳು ಗೊತ್ತಾ? 'ಸೈನ್ಸ್ ನಂಗೆ ಕೈ ಹಿಡಿಯಲ್ಲ ಕಣೇ. ನಾನು ಮಾಡಿದ್ರೆ ಎಂಜಲು ಕೂಡ ಕೆಲಸ ಮಾಡಲ್ಲ.'

3/10

ಅವಳ ಎಂಜಲು ಚೆನ್ನಾಗೇ ಕೆಲಸ ಮಾಡ್ತಿತ್ತು. ಬಿಸಿ ಪಿಷ್ಟ ಅದನ್ನ ಕೊಂದಿತ್ತು.

ಇದು ನಂಗೆ ಗೊತ್ತಾಗಿದ್ದು ಫಸ್ಟ್ ಪಿಯುಸಿಲಿ, ಕಿಣ್ವದ ಮೇಲೆ ಉಷ್ಣತೆಯ ಪರಿಣಾಮ ಓದುವಾಗ. ಕಿಣ್ವ ಅಂದ್ರೆ ಪ್ರೋಟೀನು. ನಮ್ಮ ಎಂಜಲಿನ ಅಮೈಲೇಸ್‌ಗೆ ಮೈ ಬಿಸಿ, ಅಂದ್ರೆ 37 ಡಿಗ್ರಿ ಆಸುಪಾಸು ಹಿತ. ಕುದಿಯೋ ಗಂಜಿಗೆ ಬಿದ್ರೆ ಅದರ ಆಕಾರವೇ ಕೆಡುತ್ತೆ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಹೇಗೆ ಮತ್ತೆ ನೀರಾಗಲ್ಲವೋ ಹಾಗೆ. ಓದ್ತಾ ಓದ್ತಾ ಆ ಎರಡು ನೀಲಿ ಟ್ಯೂಬು ಕಣ್ಣ ಮುಂದೆ ಬಂತು.

ದಸರಾ ರಜೇಲಿ ಮನೇಲೇ ಮಾಡಿದೆ. ಈ ಫೋಟೋ ಅದರದ್ದೇ. ಬಿಳಿ ಪಿಂಗಾಣಿ ತಟ್ಟೆ ಅಮ್ಮನದು, ಅವರಿಗೆ ಇನ್ನೂ ಹೇಳಿಲ್ಲ.

ಅನ್ನ ಬಸಿದ ಗಂಜಿಗೆ ನೀರು ಸೇರಿಸಿ ತೆಳು ಮಾಡಿದೆ. ಮೂರು ಸ್ಟೀಲ್ ಲೋಟ. ಒಂದಕ್ಕೆ ಉಗುರು ಬೆಚ್ಚಗಿನ ಗಂಜಿ, ಒಂದು ಚಮಚ ಎಂಜಲು. (ಬಾಯಿ ಮುಕ್ಕಳಿಸಿ, ಆಮೇಲೆ.) ಎರಡನೇದಕ್ಕೆ ಕುದೀತಿರೋ ಗಂಜಿ, ಅಷ್ಟೇ ಎಂಜಲು. ಮೂರನೇದಕ್ಕೆ ಬೆಚ್ಚಗಿನ ಗಂಜಿ, ಎಂಜಲಿನ ಬದಲು ಒಂದು ಚಮಚ ನೀರು. ಅರ್ಧ ಗಂಟೆ ಬಿಟ್ಟು ತಟ್ಟೆ ಮೇಲೆ ಒಂದೊಂದು ಚಮಚ ಹಾಕಿ, ಗಾಯಕ್ಕೆ ಹಚ್ಚೋ ಬೀಟಾಡಿನ್‌ನ ನೀರಲ್ಲಿ ಕಲಸಿ ಎರಡೆರಡು ಹನಿ.

ಮೊದಲ ಸಲ ಎಡವಟ್ಟಾಯ್ತು. ಎರಡನೇ ಲೋಟ ಇನ್ನೂ ಸುಡ್ತಿತ್ತು, ಹನಿ ಬಿಟ್ರೆ ನೀಲಿಯೇ ಇಲ್ಲ! ನನ್ನ ಥಿಯರಿ ಮಣ್ಣುಪಾಲು ಅಂದ್ಕೊಂಡೆ. ತಲೆ ಕೆರ್ಕೊಂಡು ಕೂತಿದ್ದಾಗ ತಟ್ಟೆ ಆರ್ತಾ ಆರ್ತಾ ನೀಲಿ ತಾನೇ ಬಂತು. ಪಿಷ್ಟ ಮತ್ತು ಅಯೋಡಿನ್ ಸೇರಿ ಆಗೋ ನೀಲಿ ಬಿಸಿಯಲ್ಲಿ ನಿಲ್ಲಲ್ಲ, ತಣ್ಣಗಾದ ಮೇಲೇ ಕಾಣೋದು. ಇದು ನಮ್ಮ ಕ್ಲಾಸಲ್ಲಿ ಯಾರೂ ಹೇಳಿರಲಿಲ್ಲ, ಹೇಳೋಕೆ ಯಾರೂ ಬಿಸೀಲಿ ಹಾಕಿ ನೋಡಿರಲಿಲ್ಲ.

ಎರಡನೇ ಸಲ ಎಲ್ಲ ಆರಿಸಿ ಹಾಕಿದೆ. ಬೆಚ್ಚಗಿನ ಲೋಟ: ಬೀಟಾಡಿನ್‌ನದೇ ಕಂದು ಬಣ್ಣ, ನೀಲಿ ಇಲ್ಲ. ಕುದಿ ಗಂಜಿ: ನೀಲಿ. ಎಂಜಲಿಲ್ಲದ್ದು: ನೀಲಿ. ಕುದಿ ಗಂಜಿ ಆರಿದ ಮೇಲೆ ಇನ್ನೂ ಅರ್ಧ ಗಂಟೆ ಬಿಟ್ಟು ಬೇರೆ ಚಮಚ ತೆಗೆದು ನೋಡಿದೆ. ಆಗಲೂ ನೀಲಿ. ಸತ್ತ ಕಿಣ್ವ ಎದ್ದು ಬರಲ್ಲ.

ಅಂದ್ರೆ ಅವತ್ತು ಇಡೀ ಕ್ಲಾಸಲ್ಲಿ ಸರಿಯಾದ ಉತ್ತರ ಬರೆದವಳು ಒಬ್ಬಳೇ. ಕೆಂಪು ಗೆರೆ ಬಿದ್ದಿದ್ದೂ ಅವಳೊಬ್ಬಳಿಗೇ.

4/10

ಇಲ್ಲಿ ನನ್ನ ಜಗಳ ಶುರು.

ಪ್ರಾಕ್ಟಿಕಲ್ ಮಾಡಿಸದೇ ಇರೋದು ಒಂದು ತಪ್ಪು. ಅದಕ್ಕಿಂತ ದೊಡ್ಡದು, ಮಾಡದೇ 'ಗಮನಿಸಲಾಯಿತು' ಅಂತ ಬರೆಸೋದು. ಆ ಶಬ್ದ ನೋಡಿ, 'ಗಮನಿಸಲಾಯಿತು'. ಯಾರು ಗಮನಿಸಿದ್ರು ಅಂತ ಹೇಳೋದೇ ಇಲ್ಲ. ಎಷ್ಟು ಅನುಕೂಲವಾದ ಕ್ರಿಯಾಪದ! ಪ್ರತಿ ವರ್ಷ ನಮ್ಮಂಥ ಹುಡುಗ ಹುಡುಗೀರು ಅದನ್ನ ಬರೀತೀವಿ, ಬರ್ದಿದ್ದಕ್ಕೆ ಮಾರ್ಕ್ಸ್ ತಗೋತೀವಿ. ಎಸ್‌ಎಸ್‌ಎಲ್‌ಸಿಲಿ 80 ಅಂಕ ಪರೀಕ್ಷೆಗೆ, 20 ಆಂತರಿಕ. ಆ 20ರ ಒಂದು ಪಾಲು ಈ ಕಥೆ ಬರೆಯೋ ಕಲೆಗೆ.

ನಮ್ಮಪ್ಪ ತೆಂಗಿನಕಾಯಿ ವ್ಯಾಪಾರದ ಲೆಕ್ಕದ ಪುಸ್ತಕದಲ್ಲಿ ಬರದ ಕಾಯಿನ ಬಂತು ಅಂತ ಬರೆದ್ರೆ ಅದಕ್ಕೆ ಏನಂತಾರೆ? ಆಸ್ಪತ್ರೆ ಲ್ಯಾಬಲ್ಲಿ ರಕ್ತ ನೋಡದೇ ರಿಪೋರ್ಟ್ ಬರೆದ್ರೆ? ನಾವು ಬೈತೀವಿ. ಆ ಲ್ಯಾಬಿನವರೂ ಯಾವುದೋ ಹೈಸ್ಕೂಲಲ್ಲಿ ಓದಿದವರೇ.

ಯಾರೋ ಕಾಮೆಂಟ್ ಮಾಡ್ತೀರ ಗೊತ್ತು: 'ಅಕ್ಕ, ನೀನೂ ಬರೆದೆಯಲ್ಲ.' ಹೌದು ಬರೆದೆ. ಅವಳು ಕೆಂಪು ಗೆರೆ ಹಾಕಿಸ್ಕೊಂಡು ಬಂದಾಗ ನನ್ನ ಟ್ಯೂಬೂ ನೀಲಿಯೇ ಅಂತ ಎದ್ದು ಹೇಳಬಹುದಿತ್ತು. ಹೇಳಲಿಲ್ಲ, ಮಾರ್ಕ್ಸ್ ಭಯ. ಅದಕ್ಕೇ ಮೊದಲ ಪೋಸ್ಟಲ್ಲಿ ನನ್ನ ಪುಟ ಹಾಕಿದ್ದು.

5/10

'ದುಡ್ಡಿಲ್ಲಮ್ಮ, ಬಯೋಟೆಕ್ ಅಂದ್ರೆ ಕೋಟಿಗಟ್ಟಲೆ ಮೆಷಿನ್ನು.' ಇದು ನಾನು ಕೇಳಿದ ಮೊದಲ ಉತ್ತರ.

1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಅನ್ನೋ ಊರಲ್ಲಿ ಫ್ರೀಡ್ರಿಶ್ ಮೀಶರ್ ಅಂತ ಸ್ವಿಸ್ ಹುಡುಗ, ವಯಸ್ಸು ಇಪ್ಪತ್ತೈದರ ಆಸುಪಾಸು. ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜ್ ಬಟ್ಟೆ ತರಿಸ್ಕೊಂಡು, ಅದರಲ್ಲಿರೋ ಬಿಳಿ ರಕ್ತಕಣ ತೊಳೆದು ತೆಗೆದು, ಹಂದಿ ಹೊಟ್ಟೆಯಿಂದ ಸಿಗೋ ಪೆಪ್ಸಿನ್ ಹಾಕಿ ಪ್ರೋಟೀನ್ ಕರಗಿಸಿ, ಉಳಿದ ಬಿಳಿ ವಸ್ತುವಿಗೆ 'ನ್ಯೂಕ್ಲಿನ್' ಅಂತ ಹೆಸರಿಟ್ಟ. ನಾವೀಗ ಡಿಎನ್‌ಎ ಅನ್ನೋದು ಮೊದಲು ಮನುಷ್ಯನ ಕೈಗೆ ಸಿಕ್ಕಿದ್ದು ಹಾಗೆ. ಅವನ ಲ್ಯಾಬು ಎಲ್ಲಿತ್ತು ಅಂದ್ರೆ, ಒಂದು ಹಳೇ ಕೋಟೆಯ ಅಡುಗೆಮನೇಲಿ. ನಿಜವಾದ ಅಡುಗೆಮನೆ.

ಇನ್ನೂ ಹತ್ತಿರದ್ದು ಬೇಕಾ? ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಲ್ಲಿ ಬಯೋಕಾನ್ ಶುರು ಮಾಡಿದ್ದು ಬಾಡಿಗೆ ಮನೆಯ ಗ್ಯಾರೇಜಲ್ಲಿ. ಮೊದಮೊದಲು ತಯಾರಿಸಿದ್ದರಲ್ಲಿ ಒಂದು ಪಪೇನ್, ನಮ್ಮ ಪರಂಗಿ ಕಾಯಿಯ ಹಾಲಲ್ಲಿರೋ ಕಿಣ್ವ. ಪರಂಗಿ ಮರ ಇಲ್ಲದ ಹೈಸ್ಕೂಲ್ ಕಾಂಪೌಂಡ್ ನಮ್ಮ ಕಡೆ ಎಷ್ಟಿವೆ ಹೇಳಿ.

ಬೆಂಗಳೂರಿಗೆ ಬಯೋಟೆಕ್ ರಾಜಧಾನಿ ಅಂತ ಬಿರುದು ಕೊಟ್ಟಿದ್ದೀವಿ. ನಮ್ಮೂರಿಂದ ಮೂರು ಗಂಟೆ ಬಸ್ಸು. ಆ ಮೂರು ಗಂಟೆ ದೂರದಲ್ಲಿ ಸೂಕ್ಷ್ಮದರ್ಶಕ ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿಲ್ಲ.

ಗಂಜಿ, ಎಂಜಲು, ಬೀಟಾಡಿನ್. ಮೂರೂ ಸೇರಿ ಒಂದು ಪ್ಲೇಟ್ ಗೋಬಿಗಿಂತ ಕಮ್ಮಿ ಬೀಳುತ್ತೆ. ದುಡ್ಡಿನ ಮಾತು ಇಲ್ಲಿಗೆ ಸಾಕು.

6/10

ಫೋಟೋ: ಬಾಳೆಹಣ್ಣಿನ ಡಿಎನ್‌ಎ. ಇದನ್ನ ರೀಲ್ಸಲ್ಲಿ ನೋಡೇ ಇರ್ತೀರ. 'ವಾವ್, ಡಿಎನ್‌ಎ ಕಣ್ಣಿಗೆ ಕಾಣ್ತು!' ಅಂತ ಮ್ಯೂಸಿಕ್ಕು.

ಮಾಡೋದು ಸುಲಭ. ಅರ್ಧ ಹಣ್ಣು ಕಿವುಚಿ. ಅರ್ಧ ಲೋಟ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಚಮಚ, ಉಪ್ಪು ಅರ್ಧ ಚಮಚ ಹಾಕಿ, ನೊರೆ ಬಾರದ ಹಾಗೆ ಮೆಲ್ಲಗೆ ಹಣ್ಣಿಗೆ ಬೆರೆಸಿ ಹತ್ತು ನಿಮಿಷ ಬಿಡಿ. ತೆಳು ಬಟ್ಟೇಲಿ ಸೋಸಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನ ಐಸ್ ನೀರಿನ ಬಟ್ಟಲಲ್ಲಿಟ್ಟು ತಣ್ಣಗೆ ಮಾಡಿ, ಲೋಟದ ಅಂಚಿನಿಂದ ನಿಧಾನಕ್ಕೆ ಇಳಿಸಿ. ಎರಡೂ ಸೇರೋ ಜಾಗದಲ್ಲಿ ಬಿಳಿ ಎಳೆ ಎಳೆಯಾಗಿ ಏಳುತ್ತೆ. ಸೋಪು ಕೋಶದ ಮತ್ತು ಕೋಶಕೇಂದ್ರದ ಕೊಬ್ಬಿನ ಪೊರೆ ಒಡೆಯುತ್ತೆ. ಉಪ್ಪು ಡಿಎನ್‌ಎ ಮೇಲಿರೋ ಋಣ ಆವೇಶವನ್ನ ಮುಚ್ಚಿ ಎಳೆಗಳು ಒಟ್ಟಿಗೆ ಸೇರೋ ಹಾಗೆ ಮಾಡುತ್ತೆ. ಸ್ಪಿರಿಟ್ಟಲ್ಲಿ ಡಿಎನ್‌ಎ ಕರಗಲ್ಲ, ಅದಕ್ಕೇ ಮೇಲೇಳೋದು. ಎನ್‌ಸಿಇಆರ್‌ಟಿಯ ಹನ್ನೆರಡನೇ ಕ್ಲಾಸಿನ ಪ್ರಾಕ್ಟಿಕಲ್ ಪಟ್ಟೀಲೂ ಪಾಲಕ್, ಹಸಿ ಬಟಾಣಿ, ಪರಂಗಿಯಿಂದ ಡಿಎನ್‌ಎ ತೆಗೆಯೋದು ಇದೆ.

ಈಗ ರೀಲ್ಸ್ ಹೇಳದೇ ಇರೋದು. ಆ ಬಿಳಿ ಮುದ್ದೆ ಪೂರ್ತಿ ಡಿಎನ್‌ಎ ಅಲ್ಲ. ಆರ್‌ಎನ್‌ಎ ಇರತ್ತೆ, ಪ್ರೋಟೀನ್ ಇರತ್ತೆ, ಬಾಳೆಹಣ್ಣಲ್ಲಂತೂ ಪೆಕ್ಟಿನ್ ಜೋರಾಗೇ ಇರತ್ತೆ. ಪೆಕ್ಟಿನ್ ಕೂಡ ಸ್ಪಿರಿಟ್ಟಲ್ಲಿ ಹಾಗೇ ಬಿಳಿಯಾಗಿ ಏಳೋದು. ಸೋಪು ಹಾಕದೇ ಇನ್ನೊಂದು ಲೋಟ ಮಾಡಿ ನೋಡಿ. ನಂಗೆ ಅದರಲ್ಲೂ ಒಂದಿಷ್ಟು ಬಿಳಿ ಬಂತು! ಆ ಎರಡನೇ ಲೋಟ ಯಾವ ರೀಲಲ್ಲೂ ನಾನು ನೋಡಿಲ್ಲ. ರೆಕಾರ್ಡ್ ಬುಕ್ಕಿನ ಸುಳ್ಳಿಗೆ ಮ್ಯೂಸಿಕ್ ಹಾಕಿದ್ರೆ ರೀಲು ಆಗತ್ತೆ, ಅಷ್ಟೇ.

ನಂಗೆ ಆಮೇಲೆ ಒಂದು ಹುಳ ಹೊಕ್ಕಿತು. ಪಚ್ಚಬಾಳೆಗೆ ವರ್ಣತಂತುಗಳು ಮೂರು ಜೊತೆ ಸೆಟ್ಟು, ಏಲಕ್ಕಿ ಬಾಳೆಗೆ ಎರಡೇ ಅಂತ ಓದಿದ್ದೆ. ಹಾಗಾದ್ರೆ ಪಚ್ಚಬಾಳೆಯಿಂದ ಜಾಸ್ತಿ ಬರ್ಬೇಕಲ್ಲ? ಒಂದೇ ತೂಕ ತಗೊಂಡು ಮೂರು ಸಲ ಮಾಡಿದೆ. ಒಂದ್ಸಲ ಪಚ್ಚಬಾಳೆ ಗೆದ್ದಿತು, ಒಂದ್ಸಲ ಏಲಕ್ಕಿ, ಒಂದ್ಸಲ ಸಮಸಮ. ಹಣ್ಣು ಎಷ್ಟು ಮಾಗಿದೆ ಅನ್ನೋದನ್ನ ಒಂದೇ ಥರ ಇಟ್ಟಿರಲಿಲ್ಲ. ಕಣ್ಣಳತೆ ಬೇರೆ. ಜೊತೆಗೆ ಕಾಣೋ ಬಿಳಿಯಲ್ಲಿ ಪೆಕ್ಟಿನ್ ಎಷ್ಟೋ. ನನ್ನ ಪ್ರಶ್ನೆಗೆ ಈ ವಿಧಾನ ಉತ್ತರ ಕೊಡೋಕೇ ಆಗಲ್ಲ ಅಂತ ಗೊತ್ತಾಗಕ್ಕೆ ಒಂದು ಡಜನ್ ಹಣ್ಣು ಹೋಯ್ತು. ತಮ್ಮ ಮೂರು ದಿನ ಬರೀ ರಸಾಯನ ತಿಂದ. (ಲ್ಯಾಬಿಗೆ ಹೋಗದ ಹಣ್ಣಿಂದು, ಹೆದರ್ಬೇಡಿ.)

ಹತ್ತನೇ ಕ್ಲಾಸಿನ ಇಡೀ ರೆಕಾರ್ಡಿಗಿಂತ ನಾನು ಆ ಮೂರು ದಿನದಲ್ಲಿ ಜಾಸ್ತಿ ಕಲಿತೆ.

7/10

ಇನ್ನೊಂದು ಜಾತಿ ಇದೆ. ಎರಡು ದಿನದ 'ಬಯೋಟೆಕ್ ವರ್ಕ್‌ಶಾಪ್'. ಹೆಸರು ಹೇಳಲ್ಲ, ನಿಮ್ಮ ಶಾಲೆಗೂ ಬಂದಿರಬಹುದು. ಫೀಸ್ ಕಟ್ಟಿದವರಿಗೆ ಬಿಳಿ ಕೋಟು, ಕನ್ನಡಕ. ಮೈಕ್ರೋಪಿಪೆಟ್ ಒಂದೇ, ಅದು ಸರ್ ಕೈಲಿ. ನಾವು ಸುತ್ತ ನಿಂತು ನೋಡೋದು. ಮಧ್ಯೆ ಫೋಟೋ. ಕೊನೇಲಿ ಸರ್ಟಿಫಿಕೇಟ್, 'ಯಶಸ್ವಿಯಾಗಿ ಪೂರೈಸಿದ್ದಾರೆ'. ಏನು ಪೂರೈಸಿದ್ವಿ ಅಂತ ನಮ್ಮ ಗುಂಪಲ್ಲಿ ಯಾರಿಗೂ ಹೇಳಕ್ಕೆ ಬರಲಿಲ್ಲ, ಊಟ ಒಂದು ಬಿಟ್ರೆ.

ನಂಗೆ ಕೋಟಿನ ಮೇಲೆ ದ್ವೇಷ ಇಲ್ಲ. ಸ್ಪಿರಿಟ್ ಮುಟ್ಟುವಾಗ ಕನ್ನಡಕ ಇರಲೇಬೇಕು. ಆದ್ರೆ ಕೋಟು ಹಾಕಿಸಿ ನೋಡುಗರನ್ನ ಮಾಡೋದಕ್ಕೂ ಬೀರುವಿಗೆ ಬೀಗ ಹಾಕೋದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ನಮ್ಮ ಕೈ ಜೇಬಲ್ಲೇ.

ಇದರ ಎದುರಿಗೆ ಇದನ್ನ ಇಡಿ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಅನ್ನೋ ಕಲೆ ಮತ್ತು ಡಿಸೈನ್ ಕಾಲೇಜಿನ ಹುಡುಗರು, ಜೀವಶಾಸ್ತ್ರ ಓದದವರು, ಐಜೆಮ್ ಅನ್ನೋ ಅಂತಾರಾಷ್ಟ್ರೀಯ ಸ್ಪರ್ಧೆಗೆ ಹೋದರು. ಅವರು ಆರಿಸ್ಕೊಂಡ ಕೆಲಸ: ಬ್ಯಾಕ್ಟೀರಿಯಾದಿಂದ ಜಿಯೋಸ್ಮಿನ್ ಮಾಡಿಸೋದು. ಮೊದಲ ಮಳೆ ಬಿದ್ದಾಗ ಮಣ್ಣಿಂದ ಘಮ್ ಅಂತ ಬರುತ್ತಲ್ಲ, ಆ ವಾಸನೆ. ಸರಿಯಾದ ಲ್ಯಾಬಿನ ಆಸರೆಯಲ್ಲಿ, ಗೊತ್ತಿರೋರ ಜೊತೆ ನಿಂತು ಮಾಡಿದ್ದು. ಚಿತ್ರ ಬರೆಯೋ ಹುಡುಗರ ಕೈಗೆ ಪಿಪೆಟ್ ಕೊಟ್ಟವರು ಯಾರೋ ಇದ್ರು.

8/10

ಈಗ ನಿಜವಾದ ಆಕ್ಷೇಪಣೆ. 'ಮಕ್ಕಳ ಕೈಗೆ ಕೊಟ್ರೆ ಅನಾಹುತ ಆಗತ್ತೆ.' ಇದನ್ನ ನಾನು ಹಗುರವಾಗಿ ತಗೊಳ್ಳಲ್ಲ. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.

ಸರ್ಜಿಕಲ್ ಸ್ಪಿರಿಟ್ ಬೆಂಕಿಗೆ ಪಟ್ ಅಂತ ಹತ್ಕೊಳ್ಳತ್ತೆ. ಗ್ಯಾಸ್ ಒಲೆ, ದೀಪ, ಊದುಬತ್ತಿ ಇರೋ ಕೋಣೇಲಿ ತೆರೀಬೇಡಿ. ನಾನು ಹಿತ್ತಲಲ್ಲಿ ಮಾಡಿದ್ದು. ಎಂಜಲು ಅವರವರದ್ದೇ, ಇನ್ನೊಬ್ಬರದ್ದು ಮುಟ್ಟಬೇಡಿ, ಲೋಟ ಆಮೇಲೆ ಕುದಿಯೋ ನೀರಲ್ಲಿ ತೊಳೀರಿ. ಪ್ರಯೋಗಕ್ಕೆ ಬಳಸಿದ್ದನ್ನ ತಿನ್ನಬೇಡಿ, ಕುಡೀಬೇಡಿ. ರಕ್ತದ ಪ್ರಯೋಗ ಬೇಡವೇ ಬೇಡ.

ಮುಖ್ಯವಾಗಿ: ಟಾಯ್ಲೆಟ್ ಬಾಗಿಲಿಂದ, ಮೊಬೈಲ್ ಮೇಲಿಂದ ಹತ್ತೀಲಿ ಒರೆಸಿ, ಅಗಾರ್ ತಟ್ಟೇಲಿ ಬ್ಯಾಕ್ಟೀರಿಯಾ ಬೆಳೆಸೋ ವಿಡಿಯೋ ನೋಡಿ ಮನೇಲಿ ಮಾಡೋಕೆ ಹೋಗಬೇಡಿ. ಕಣ್ಣಿಗೆ ಕಾಣದ ಒಂದೆರಡನ್ನ ಕೋಟಿಗಟ್ಟಲೆ ಮಾಡ್ತೀರ, ಅದು ಯಾವುದು ಅಂತ ನಿಮಗೆ ಗೊತ್ತಿರಲ್ಲ. ಮಾಡಲೇಬೇಕು ಅಂದ್ರೆ ಮೇಷ್ಟ್ರ ಎದುರು, ತಟ್ಟೆಗೆ ಟೇಪ್ ಹಾಕಿ, ಮುಚ್ಚಳ ಮತ್ತೆ ತೆಗೆಯದೇ, ಕೊನೇಲಿ ಅದಕ್ಕೇ ಅಂತ ಇಟ್ಟ ಪ್ರೆಶರ್ ಕುಕ್ಕರಲ್ಲಿ ಬೇಯಿಸಿ ಬಿಸಾಕೋದು.

ಅಮೆರಿಕದ ಹೈಸ್ಕೂಲುಗಳಲ್ಲಿ ಜೆಲ್ಲಿ ಮೀನಿನ ಜೀನನ್ನ ಬ್ಯಾಕ್ಟೀರಿಯಾಕ್ಕೆ ಹಾಕಿ ಹಸಿರು ಹೊಳೆಯೋ ಹಾಗೆ ಮಾಡಿಸ್ತಾರೆ, ಅದರ ಕಿಟ್ಟೇ ಸಿಗತ್ತೆ. ಚೆಂದ ಇದೆ. ಆದ್ರೆ ನಮ್ಮಲ್ಲಿ ಜೀನ್ ಬದಲಾಯಿಸೋ ಕೆಲಸಕ್ಕೆ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ 1989ರ ನಿಯಮಗಳಿವೆ, ಅನುಮತಿ ಇರೋ ಲ್ಯಾಬಲ್ಲೇ ಆಗಬೇಕು. ಆನ್‌ಲೈನಲ್ಲಿ ತರಿಸೋ ಹುಚ್ಚು ಬೇಡ. ಅದಿಲ್ಲದೇ ಮಾಡೋಕೆ ಬೇಕಾದಷ್ಟಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಗಂಜಿಗೆ ಎಂಜಲು ಹಾಕೋದ್ರಲ್ಲಿ ಯಾವ ಅನಾಹುತ ಇತ್ತು? ಬಾಟಲಿಗೆ ಯೀಸ್ಟು, ಸಕ್ಕರೆ, ಬೆಚ್ಚನೆ ನೀರು ಹಾಕಿ ಬಾಯಿಗೆ ಬಲೂನು ಕಟ್ಟೋದ್ರಲ್ಲಿ? ಕಡಲೆ ಗಿಡ ಕಿತ್ತು ಬೇರಿನ ಗಂಟು ನೋಡೋದ್ರಲ್ಲಿ? ಇವಕ್ಕೂ 'ರಿಸ್ಕು' ಅಂದ್ರೆ, ಅದು ಬೀಗಕ್ಕೆ ಹುಡುಕಿದ ನೆಪ.

9/10

ಮೇಷ್ಟ್ರನ್ನ ಬೈತಿದ್ದೀನಿ ಅಂತ ತಿಳ್ಕೊಂಡು ಡಿಎಂ ಮಾಡಿದವರಿಗೆ ಉತ್ತರ. ನಮ್ಮ ಸಿಬಿಜಡ್ ಮೇಡಂಗೆ ಮೂರು ಕ್ಲಾಸು, ಎಲ್ಲ ಸೆಕ್ಷನ್ನು. ಲ್ಯಾಬ್ ಅಟೆಂಡರ್ ಅಂತ ಯಾರೂ ಇರಲಿಲ್ಲ. ಬಿಸಿಯೂಟದ ಲೆಕ್ಕ, ಎಲೆಕ್ಷನ್ ಡ್ಯೂಟಿ, ಆನ್‌ಲೈನ್ ಎಂಟ್ರಿ. 40 ನಿಮಿಷದ ಪೀರಿಯಡ್ಡಲ್ಲಿ ಅರ್ಧ ಗಂಟೆ ಕಾಯೋ ಪ್ರಯೋಗ ಮಾಡಿಸಿ ಅಂದ್ರೆ ಯಾರಾದ್ರೂ ಪಿಷ್ಟ ಆರೋವರೆಗೂ ಕಾಯ್ತಾರಾ? ಅವರು ಬಿಸಿ ಬಿಸಿ ಸುರಿದದ್ದು ಅದಕ್ಕೇ. ನಂಗೆ ಅವರ ಮೇಲೆ ಸಿಟ್ಟಿಲ್ಲ. ಸ್ವಲ್ಪ ಇದೆ, ಆ ಕೆಂಪು ಗೆರೆ ಬಗ್ಗೆ ಮಾತ್ರ.

ಸಿಟ್ಟು ಇರೋದು 'ಇಷ್ಟು ಪ್ರಯೋಗ ಬರೆದಿರಬೇಕು' ಅಂತ ಎಣಿಸೋ ಪದ್ಧತಿ ಮೇಲೆ. ಹತ್ತು ಬರೆದವರಿಗೆ ಪೂರ್ತಿ ಅಂಕ, ಎರಡೇ ಮಾಡಿದವರಿಗೆ ಸೊನ್ನೆ ಅಂದ್ರೆ ಎಲ್ಲರೂ ಹತ್ತು ಬರೀತಾರೆ. ಉಲ್ಟಾ ಮಾಡಿ. ವರ್ಷಕ್ಕೆ ಮೂರೇ ಪ್ರಯೋಗ ಇರಲಿ, ನಿಜವಾಗಿ ಮಾಡಿದ್ದು. 'ಬರಬೇಕಾದ್ದು ಬರಲಿಲ್ಲ' ಅಂತ ಬರೆದು, ಯಾಕಿರಬಹುದು ಅಂತ ಎರಡು ಸಾಲು ಸೇರಿಸಿದವರಿಗೆ ಪೂರ್ತಿ ಅಂಕ ಕೊಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ.

ಕಾಯೋ ಪ್ರಯೋಗ ಪೀರಿಯಡ್ಡಲ್ಲಿ ಆಗಲ್ಲ ಅಂದ್ರೆ ಮನೆಗೆ ಕೊಡಿ. ಇಡ್ಲಿ ಹಿಟ್ಟು ರಾತ್ರಿಯೆಲ್ಲ ಕಾಯತ್ತಲ್ಲ. ಅದಕ್ಕೆ ನಾವು ಯೀಸ್ಟ್ ಹಾಕಲ್ಲ, ಆದ್ರೂ ಉಬ್ಬುತ್ತೆ. ಉಬ್ಬಿಸೋದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ, ಬೇಳೆ ಜೊತೆಗೇ ಬಂದಿರತ್ತೆ. ಇದನ್ನ ಹೇಳಿದ ಕೂಡ್ಲೇ 'ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು' ಅಂತ ಕಾಲರ್ ಎತ್ತೋರು ಬರ್ತಾರೆ, ದಯವಿಟ್ಟು ಬೇಡ. ನಮ್ಮಜ್ಜಿಗೆ ಲ್ಯೂಕೊನಾಸ್ಟಾಕ್ ಗೊತ್ತಿರಲಿಲ್ಲ. ಆದ್ರೆ ಚಳೀಲಿ ಹಿಟ್ಟಿನ ಪಾತ್ರೇನ ಒಲೆ ಹತ್ರ ಇಡ್ಬೇಕು ಅಂತ ಗೊತ್ತಿತ್ತು, ಉದ್ದು ಕಮ್ಮಿ ಆದ್ರೆ ಏನಾಗತ್ತೆ ಅಂತ ಗೊತ್ತಿತ್ತು, ಯಾಕಂದ್ರೆ ಅವರು ದಿನಾ ನೋಡ್ತಿದ್ರು. ನಾಲ್ಕು ಲೋಟಕ್ಕೆ ಹಿಟ್ಟು ಹಾಕಿ, ಒಂದಕ್ಕೆ ಮೊದಲೇ ಉಪ್ಪು, ಒಂದಕ್ಕೆ ಉಪ್ಪಿಲ್ಲ, ಒಂದು ಫ್ರಿಜ್ಜಲ್ಲಿ, ಒಂದು ಒಲೆ ಪಕ್ಕ. ಲೋಟದ ಮೇಲೆ ಪೆನ್ನಲ್ಲಿ ಗೆರೆ ಎಳೆದು ಬೆಳಿಗ್ಗೆ ಎಷ್ಟು ಏರಿದೆ ಅಂತ ಸ್ಕೇಲಲ್ಲಿ ಅಳೆಯಿರಿ. ಅಮ್ಮ ಬೈದರೆ ನನ್ನ ಹೆಸರು ಹೇಳಿ.

10/10

ಕೊನೇ ಫೋಟೋ: ಒಂದು ಹಾಳೆ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರಿಗೆ ಬರೆದ ಮನವಿ. ಹಳೇ ವಿದ್ಯಾರ್ಥಿಗಳು 14 ಜನ ಸಹಿ ಮಾಡಿದ್ದೀವಿ. ಕೇಳಿರೋದು ದೊಡ್ಡದೇನಲ್ಲ. ತಿಂಗಳಿಗೆ ಒಂದು ಶನಿವಾರ, ಬೆಳಗಿನ ಕ್ಲಾಸ್ ಮುಗಿದ ಮೇಲೆ ಎರಡು ಗಂಟೆ, ಲ್ಯಾಬ್ ಬೀಗ ತೆಗೆಸಿ ಕೊಡಿ. ಮೇಡಂ ಒಬ್ಬರು ಕೂತಿರಲಿ, ಉಳಿದ ಕೆಲಸ ನಾವು ಮಾಡ್ತೀವಿ, ತೊಳೆದೂ ಇಡ್ತೀವಿ. ಒಡೆದ ಟ್ಯೂಬಿನ ದುಡ್ಡು ನಾವೇ ಕೊಡ್ತೀವಿ.

ಸಾರ್ ಓದಿದ್ರು. 'ನೋಡೋಣ' ಅಂದ್ರು. ನಮ್ಮೂರಲ್ಲಿ 'ನೋಡೋಣ' ಅಂದ್ರೆ ಏನು ಅಂತ ನಿಮಗೂ ಗೊತ್ತು. ಆದ್ರೂ ಹೊರಡುವಾಗ ಮೇಡಂ ಕಾರಿಡಾರಲ್ಲಿ ನಿಲ್ಲಿಸಿ, 'ಪಿಷ್ಟ ಆರಿಸಿ ಹಾಕಬೇಕಿತ್ತು ಅಲ್ವೇನಮ್ಮ' ಅಂದ್ರು. ಅವರಿಗೆ ಆ ದಿನ ನೆನಪಿತ್ತು. ನಂಗೆ ಏನು ಹೇಳ್ಬೇಕೋ ತೋಚಲಿಲ್ಲ, ಹೌದು ಮೇಡಂ ಅಂದೆ.

ನಿಮ್ಮ ಶಾಲೇಲೂ ಇಂಥ ಹಾಳೆ ಕೊಡಿ. ಮಾದರಿ ಬೇಕಾದ್ರೆ ಫೋಟೋ ಜೂಮ್ ಮಾಡಿ ನೋಡ್ಕೊಂಡು ಬರೀರಿ. ('ಕವರ್ ಸ್ಲೀಪ್' ಇಲ್ಲ, ಎರಡು ಸಲ ನೋಡಿದ್ದೀನಿ.) ಈಗ ಹತ್ತನೇ ಕ್ಲಾಸಲ್ಲಿ ಇರೋರು: ಈ ಸಲ ರೆಕಾರ್ಡ್ ಬರೆಯುವಾಗ ಮಾಡದೇ ಇದ್ದ ಪ್ರಯೋಗದ ಕೆಳಗೆ 'ಮಾಡಲಿಲ್ಲ' ಅಂತ ಬರೆಯೋ ಧೈರ್ಯ ಒಬ್ಬರಿಗೆ ಇದ್ರೆ ಬರೀರಿ. ಒಬ್ಬರೇ ಬರೆದ್ರೆ ಕೆಂಪು ಗೆರೆ ಬೀಳತ್ತೆ, ಅದನ್ನ ನಾನು ಸುಳ್ಳು ಹೇಳಲ್ಲ. ಅದಕ್ಕೇ ಇಡೀ ಬೆಂಚು ಸೇರಿ ಬರೀರಿ.

ಅವಳಿಗೆ ನನ್ನ ತಟ್ಟೆ ಫೋಟೋ ಕಳಿಸಿದ್ದೆ. ಎರಡು ದಿನ ರಿಪ್ಲೈ ಇಲ್ಲ. ಆಮೇಲೆ ಒಂದು ವಾಯ್ಸ್ ನೋಟ್: 'ಬರೀ ಎರಡು ಉಷ್ಣತೆ ಇಟ್ಟಿದ್ದೀಯ. ಎಷ್ಟು ಬಿಸಿಗೆ ಕೆಡತ್ತೆ ಅಂತ ಹೇಗೆ ಗೊತ್ತಾಗತ್ತೆ? ನಡುವೆ ನಾಲ್ಕೈದು ಬೇಕು. ಥರ್ಮಾಮೀಟರ್ ಇದೆಯಾ?'

ಥರ್ಮಾಮೀಟರ್ ಇಲ್ಲ. ಕ್ಲಾಸ್‌ಮೇಟ್ಸ್, ಜ್ವರ ನೋಡೋದಲ್ಲ, 100 ಡಿಗ್ರಿವರೆಗೂ ಹೋಗೋದು ಯಾರ ಹತ್ರ ಇದ್ರೂ ಡಿಎಂ ಮಾಡಿ. ಶನಿವಾರ ಮಧ್ಯಾಹ್ನ ನಮ್ಮನೆ ಹಿತ್ತಲಲ್ಲಿ. ಗಂಜಿ ನಂದು, ಬೀಟಾಡಿನ್ ಅವಳು ತರ್ತಾಳಂತೆ.